ಪುರಪಿತೃವಿನ ಚುನಾವಣಾ ಚರಿತ್ರೆ: ದಾವಣಗೆರೆಯನ್ನು ಕುರಿತು ಒಂದು ವಿಮರ್ಶೆ

ನಮ್ಮ ನಾಡಿನ ಸಾರ್ವಜನಿಕ ವ್ಯಕ್ತಿಗಳ ಜೀವನಚರಿತ್ರೆಗಳನ್ನೂ ಅಭಿನಂದನ ಗ್ರಂಥಗಳನ್ನೂ ಸ್ಮರಣ ಸಂಚಿಕೆಗಳನ್ನೂ ಓದುವ ಅಭ್ಯಾಸವುಳ್ಳವರಿಗೆ ಒಂದು ವಾಕ್ಯದ ಅಚ್ಚು ಚಿರಪರಿಚಿತವಾದುದು. ಚರಿತ್ರನಾಯಕರು ನಗರಸಭೆಯ ಸದಸ್ಯರಾಗಿ, ಅನಂತರ ಅದರ ಅಧ್ಯಕ್ಷರಾಗಿ, ಮುಂದೆ ವಿಧಾನಸಭೆಗೆ ಆಯ್ಕೆಯಾದರು ಎಂಬುದೇ ಆ ಅಚ್ಚು. ಇದರ ವ್ಯಾಕರಣವನ್ನು ಸ್ವಲ್ಪ ಪರಿಶೀಲಿಸಬೇಕು. ಇಲ್ಲಿ ಪೂರ್ಣಕ್ರಿಯಾಪದ ಒಂದೇ; ಅದು ವಿಧಾನಸಭೆಯ ಪಾಲಾಗಿದೆ. ನಗರಸಭೆಗೆ ದೊರೆತಿರುವುದು 'ಆಗಿ' ಎಂಬ ಕೃದಂತಾವ್ಯಯ ಮಾತ್ರ. ಹತ್ತಾರು ವರ್ಷಗಳ ಚರಂಡಿ, ನೀರು, ಬೀದಿದೀಪ, ಖಾತೆ, ಕಂದಾಯಗಳ ಇತಿಹಾಸವೆಲ್ಲವೂ ಆ ಎರಡಕ್ಷರದೊಳಗೆ ಅಡಗಿಹೋಗುತ್ತದೆ. ಶಾಸಕರಾದವರಿಗಾದರೂ ಈ ವಾಕ್ಯದಲ್ಲಿ ಒಂದು ಕ್ರಿಯಾಪದವುಂಟು. ನಗರಸಭೆಯಲ್ಲಿಯೇ ಇಡೀ ಆಯುಷ್ಯವನ್ನು ಕಳೆದ ಸದಸ್ಯನಿಗೆ ಅದೂ ಇಲ್ಲ. ಆತನ ವಾಕ್ಯ ಕೊನೆಗಾಣದೆ ನಿಲ್ಲುತ್ತದೆ.

ಇದು ಶೈಲಿಯ ದೋಷವಷ್ಟೇ ಆಗಿದ್ದರೆ ಉಪೇಕ್ಷಿಸಬಹುದಾಗಿತ್ತು. ಆದರೆ ನಮ್ಮ ವಿದ್ಯಾರ್ಥಿಗಳು ಸ್ಥಳೀಯ ಸಂಸ್ಥೆಗಳನ್ನು ಕುರಿತು ಬರೆಯುವ ಪ್ರಬಂಧಗಳೂ ಇದೇ ಅಚ್ಚಿನಲ್ಲಿ ಎರಕಗೊಳ್ಳುತ್ತಿರುವುದರಿಂದ ಇದನ್ನು ಕುರಿತು ವಿಚಾರಮಾಡುವುದು ಅಗತ್ಯವಾಗಿದೆ. ದೀರ್ಘಕಾಲ ಸೇವೆ ಸಲ್ಲಿಸಿದ ನಗರಸಭಾ ಸದಸ್ಯನ ಚುನಾವಣಾ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅನುಸರಿಸುವ ಮಾರ್ಗ ಎರಡು. ಒಂದು, ಅದನ್ನು ಮೇಲಿನ ಪದವಿಗೆ ಮೆಟ್ಟಿಲೆಂದು ನೋಡುವುದು. ಇನ್ನೊಂದು, ಗೆಲುವುಗಳನ್ನು ಎಣಿಸಿ 'ಇಷ್ಟು ಬಾರಿ ಆಯ್ಕೆಯಾದವರು' ಎಂದು ಹೇಳಿ ಮುಗಿಸುವುದು. ಈ ಎರಡೂ ಸಾಲವೆಂಬುದೇ ನಮ್ಮ ಅಭಿಪ್ರಾಯ. ದಾವಣಗೆರೆಯ ನಿದರ್ಶನದಿಂದ ಇದನ್ನು ಸ್ಪಷ್ಟಪಡಿಸಲು ಯತ್ನಿಸುತ್ತೇವೆ.

ಮೆಟ್ಟಿಲಿನ ಮಾತನ್ನು ಮೊದಲು ತೆಗೆದುಕೊಳ್ಳೋಣ. ಅದಕ್ಕೆ ಅತ್ಯಂತ ಪ್ರಸಿದ್ಧವಾದ ಉದಾಹರಣೆ ಶಾಮನೂರು ಶಿವಶಂಕರಪ್ಪನವರು. 1931ರಲ್ಲಿ ಜನಿಸಿದ ಇವರು 1970ರ ದಶಕದ ಆರಂಭದಲ್ಲಿ ದಾವಣಗೆರೆ ನಗರಸಭೆಯ ಅಧ್ಯಕ್ಷರಾಗಿದ್ದರು. 1994ರಲ್ಲಿ ವಿಧಾನಸಭೆಯನ್ನು ಪ್ರವೇಶಿಸಿದರು. 1998ರಲ್ಲಿ ಲೋಕಸಭೆಗೆ ಆಯ್ಕೆಯಾಗಿ 1999ರಲ್ಲಿ ಜಿ. ಮಲ್ಲಿಕಾರ್ಜುನಪ್ಪನವರೆದುರು ಸೋತರು, 2004ರಲ್ಲಿ ಮರಳಿ ಶಾಸಕರಾದರು, ಕ್ಷೇತ್ರ ವಿಂಗಡಣೆಯಾದ ಮೇಲೆ ದಾವಣಗೆರೆ ದಕ್ಷಿಣದಿಂದ 2008, 2013, 2018 ಮತ್ತು 2023ರ ಚುನಾವಣೆಗಳಲ್ಲಿ ಗೆದ್ದರು. ಕೊನೆಯ ಗೆಲುವಿನ ಕಾಲಕ್ಕೆ ಅವರ ವಯಸ್ಸು ತೊಂಬತ್ತೊಂದನ್ನು ದಾಟಿತ್ತು. 2025ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಈ ಚರಿತ್ರೆಯನ್ನು ಹೇಳುವವರೆಲ್ಲರೂ ನಗರಸಭೆಯಿಂದಲೇ ಆರಂಭಿಸುತ್ತಾರೆ. ಆದರೆ ಆರಂಭಿಸಿದ ಮರುಗಳಿಗೆಯಲ್ಲಿಯೇ ಅದನ್ನು ಬಿಟ್ಟು ಮುಂದಕ್ಕೆ ನೆಗೆಯುತ್ತಾರೆ.

ಆ ನೆಗೆತದ ಉದ್ದವನ್ನು ಅಳೆದು ನೋಡಿದರೆ ಮೆಟ್ಟಿಲೆಂಬ ರೂಪಕ ನಿಲ್ಲುವುದಿಲ್ಲ. ನಗರಸಭೆಯ ಅಧ್ಯಕ್ಷಪದವಿಗೂ 1994ರ ಗೆಲುವಿಗೂ ನಡುವೆ ಇಪ್ಪತ್ತು ವರ್ಷಗಳಷ್ಟು ಅಂತರವಿದೆ. ಎರಡು ಹಂತಗಳ ನಡುವೆ ಇಷ್ಟು ಅಂತರವಿರುವ ಮೆಟ್ಟಿಲನ್ನು ಯಾರೂ ಕಟ್ಟುವುದಿಲ್ಲ. ಆ ಅವಧಿಯಲ್ಲಿ ಅವರ ಹೆಸರನ್ನು ಊರಿನಲ್ಲಿ ಬೆಳೆಸಿದ್ದು ಪುರಸಭಾಸ್ಥಾನಕ್ಕಿಂತ ಹೆಚ್ಚಾಗಿ ವ್ಯಾಪಾರವೂ 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯೂ ಎಂದು ಹೇಳಬೇಕಾಗುತ್ತದೆ. ಕಾಲೇಜು, ಆಸ್ಪತ್ರೆ, ಸಹಕಾರಿ ಸಂಸ್ಥೆಗಳ ಮೂಲಕ ಸಂಪಾದಿಸಿದ ಸಂಬಂಧಗಳು ಮತಗಳಾಗಿ ಪರಿಣಮಿಸಿದ ಬಗೆ ಬೇರೆಯದೇ ಆದ ಒಂದು ಅಧ್ಯಯನಕ್ಕೆ ವಸ್ತು. ನಗರಸಭೆಯಲ್ಲಿ ಅವರು ಏನು ಮಾಡಿದರೆಂಬುದು ಆ ಪದವಿಯ ಅವಧಿಯ ನಡವಳಿಗಳಲ್ಲಿ ಹುಡುಕಬೇಕಾದ ವಿಷಯವೇ ಹೊರತು, ಮುಂದಿನ ಗೆಲುವುಗಳ ಬೆಳಕಿನಲ್ಲಿ ಹಿಂದಕ್ಕೆ ಊಹಿಸಿ ಬರೆಯತಕ್ಕ ವಿಷಯವಲ್ಲ.

ಅದೇ ಇಪ್ಪತ್ತು ವರ್ಷಗಳ ನಡುವೆ ದಾವಣಗೆರೆಯ ಮತದಾರರು ಆರಿಸಿದ ಇನ್ನೊಬ್ಬರನ್ನು ಇಲ್ಲಿ ನೆನೆಯದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು 1978, 1983, 1985ರ ಮೂರು ಚುನಾವಣೆಗಳಲ್ಲಿ ಇಲ್ಲಿಂದ ವಿಧಾನಸಭೆಗೆ ಆಯ್ಕೆಯಾದವರು. ನಗರಸಭೆಯ ಅಧ್ಯಕ್ಷಸ್ಥಾನವನ್ನೂ ವಹಿಸಿದ್ದವರು. ಹತ್ತಿಗಿರಣಿಗಳ ಊರಾಗಿ, ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕರ ಸಂಘಟನೆಯೇ ಅವರ ಬಲ. ಒಬ್ಬರು ವರ್ತಕ ಸಮುದಾಯದ ಊರನ್ನು, ಇನ್ನೊಬ್ಬರು ಗಿರಣಿಯ ಊರನ್ನು ಪ್ರತಿನಿಧಿಸಿದರೆಂದು ಹೇಳುವುದು ವಾಡಿಕೆ. ಈ ವಾಡಿಕೆಯ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ; ಆದರೆ ಇಬ್ಬರೂ ಒಂದೇ ನಗರಸಭೆಯ ಕುರ್ಚಿಯಲ್ಲಿ ಕುಳಿತಿದ್ದವರೆಂಬ ಸಂಗತಿ ಇದರಿಂದ ಮರೆಯಾಗುತ್ತದೆ. ಹಳೇಪೇಟೆಯ ಚರಂಡಿಯೂ ಪ್ರಿನ್ಸ್ ಜಯಚಾಮರಾಜ ಬಡಾವಣೆಯ ರಸ್ತೆಯೂ ಒಂದೇ ಆಯವ್ಯಯದೊಳಗೆ ಬರಬೇಕಾಗಿದ್ದ ಆ ಸಭೆಯಲ್ಲಿ ಇಬ್ಬರ ಆಡಳಿತ ಎಲ್ಲಿ ಬೇರೆಯಾಯಿತು, ಎಲ್ಲಿ ಒಂದೇ ಆಯಿತು? ಉತ್ತರ ಕಂಡುಕೊಳ್ಳಬಹುದಾದ ಪ್ರಶ್ನೆ ಇದು. ಗಿರಣಿಗಳು ಒಂದೊಂದಾಗಿ ಮುಚ್ಚಿ, ಕಾರ್ಮಿಕರ ಮತ ಚದರಿಹೋದ ಮೇಲೆ ಈ ಪ್ರಶ್ನೆಯನ್ನು ಕೇಳುವವರೂ ವಿರಳರಾದರು.

ಎಣಿಕೆಯ ಮಾರ್ಗ ಇದಕ್ಕಿಂತ ಹೆಚ್ಚು ಮೋಸಗೊಳಿಸುವಂಥದು; ಏಕೆಂದರೆ ಅದು ಅಂಕಿಯ ವೇಷದಲ್ಲಿ ಬರುತ್ತದೆ. ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬರು ಒಮ್ಮೆ ಹಳೆಯದೊಂದು ಚುನಾವಣಾ ಕರಪತ್ರವನ್ನು ತಂದು ತೋರಿಸಿದರು. ಉಮೇದುವಾರರು ಐದನೆಯ ಬಾರಿ ಜನಾಶೀರ್ವಾದ ಬೇಡುತ್ತಿರುವರೆಂದು ಅದರಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. "ಐದು ಸಲವೂ ಒಂದೇ ವಾರ್ಡಿನಿಂದಲೋ?" ಎಂದು ಕೇಳಿದೆವು. ಕರಪತ್ರ ಆ ಬಗ್ಗೆ ಏನನ್ನೂ ಹೇಳಿರಲಿಲ್ಲ. ವಿದ್ಯಾರ್ಥಿಗೂ ಅದು ಕೇಳಬೇಕಾದ ಪ್ರಶ್ನೆಯೆಂದು ತೋರಿರಲಿಲ್ಲ. ಆದರೆ ಎಲ್ಲವೂ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ.

ವಿಧಾನಸಭಾ ಕ್ಷೇತ್ರದ ಗಡಿ ದಶಕಗಳ ಕಾಲ ಕದಲದೆ ಇರಬಲ್ಲುದು. ವಾರ್ಡಿಗೆ ಆ ಸ್ಥಿರತೆಯಿಲ್ಲ. ದಾವಣಗೆರೆ 2007ರಲ್ಲಿ ಮಹಾನಗರಪಾಲಿಕೆಯಾಯಿತು. 2013ರ ಚುನಾವಣೆಯಲ್ಲಿ ಇಲ್ಲಿ 41 ವಾರ್ಡುಗಳಿದ್ದವು. 2019ರ ಹೊತ್ತಿಗೆ 45 ಆದವು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 4,34,971. ಇದನ್ನು 45ರಿಂದ ಭಾಗಿಸಿದರೆ ವಾರ್ಡೊಂದಕ್ಕೆ ಸರಾಸರಿ 9,666 ಜನ. ಇದರಲ್ಲಿ ಮತದಾರರಲ್ಲದವರನ್ನು ಕಳೆದು, ಮತಗಟ್ಟೆಗೆ ಬಾರದವರನ್ನೂ ಕಳೆದು, ಉಳಿದುದನ್ನು ಮೂವರು ನಾಲ್ವರು ಉಮೇದುವಾರರಿಗೆ ಹಂಚಿದರೆ ಗೆಲ್ಲುವವನಿಗೆ ಬೇಕಾದುದು ಕೆಲವೇ ಸಾವಿರ ಮತ. ನಾಲ್ಕು ಹೊಸ ವಾರ್ಡುಗಳನ್ನು ಹುಟ್ಟಿಸಬೇಕಾದರೆ ಅಕ್ಕಪಕ್ಕದ ವಾರ್ಡುಗಳಿಂದ ಬೀದಿಗಳನ್ನು ಕತ್ತರಿಸಿ ತೆಗೆಯಲೇಬೇಕು. ಎರಡು ಬೀದಿ ಆಚೆಗೆ ಹೋದರೆ, ಒಂದು ಕೊಳೆಗೇರಿ ಈಚೆಗೆ ಬಂದರೆ, ಹಿಂದಿನ ಗೆಲುವಿನ ಅಂತರವೆಲ್ಲ ಅಳಿಸಿಹೋಗುವ ಅಳತೆಯಿದು. ಸದಸ್ಯನ ಹೆಸರು ಅದೇ, ವಾರ್ಡಿನ ಹೆಸರೂ ಕೆಲವೊಮ್ಮೆ ಅದೇ. ಮತದಾರರು ಮಾತ್ರ ಬೇರೆ.

ಗಡಿಯ ಮೇಲೆ ಮೀಸಲಾತಿಯ ಸರದಿ ಬಂದು ಸೇರುತ್ತದೆ. 1992ರಲ್ಲಿ ಅಂಗೀಕೃತವಾಗಿ 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಪರಿಶಿಷ್ಟ ಜಾತಿ ಪಂಗಡಗಳಿಗೆ ಜನಸಂಖ್ಯೆಗೆ ಅನುಗುಣವಾಗಿಯೂ, ಮಹಿಳೆಯರಿಗೆ ಮೂರನೆಯ ಒಂದು ಭಾಗಕ್ಕೆ ಕಡಮೆಯಾಗದಂತೆಯೂ ಸ್ಥಾನಗಳನ್ನು ಮೀಸಲಿಟ್ಟಿತು. ಆ ಸ್ಥಾನಗಳನ್ನು ವಾರ್ಡಿನಿಂದ ವಾರ್ಡಿಗೆ ಸರದಿಯಂತೆ ಹಂಚಬಹುದೆಂದಿತು. ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳಿಗೆ ಎ ಮತ್ತು ಬಿ ಎಂಬ ಎರಡು ಪ್ರವರ್ಗಗಳಲ್ಲಿ ಸ್ಥಾನ ದೊರೆಯಿತು. ಮಹಿಳೆಯರ ಪಾಲು ಮುಂದೆ ಅರ್ಧಕ್ಕೆ ಏರಿತು. 'ಪುರಪಿತೃ' ಎಂಬ ನಮ್ಮ ಪತ್ರಿಕೆಗಳ ಹಳೆಯ ಗೌರವಪದ ಅಂದಿನಿಂದ ಅರ್ಧದಷ್ಟು ಸದಸ್ಯರಿಗೆ ಹೊಂದದಂತಾಯಿತು. ಅದನ್ನು ನಾವು ಶೀರ್ಷಿಕೆಯಲ್ಲಿ ಉಳಿಸಿಕೊಂಡಿರುವುದು ಅದರ ಇತಿಹಾಸದ ಗುರುತಿಗಾಗಿ ಮಾತ್ರ.

ನಗರದ ದೇವರಾಜ ಅರಸು ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ಒಬ್ಬ ಸದಸ್ಯನನ್ನು ಕಲ್ಪಿಸಿಕೊಳ್ಳೋಣ. ಮೊದಲ ಚುನಾವಣೆಯಲ್ಲಿ ಆತನ ವಾರ್ಡು ಸಾಮಾನ್ಯ ಸ್ಥಾನವಾಗಿತ್ತೆನ್ನಿ, ಗೆದ್ದ. ಎರಡನೆಯ ಬಾರಿಗೆ ಅದು ಮಹಿಳೆಗೆ ಮೀಸಲಾಯಿತು. ಆತನ ಮುಂದಿರುವ ದಾರಿಗಳು ಮೂರೇ: ಪಕ್ಕದ ವಾರ್ಡಿಗೆ ಹೋಗಿ ಅಲ್ಲಿಯ ಹಳೆಯ ಸದಸ್ಯನೊಡನೆ ಟಿಕೆಟಿಗಾಗಿ ಹೋರಾಡುವುದು, ಹೆಂಡತಿಯನ್ನೋ ಸೊಸೆಯನ್ನೋ ನಿಲ್ಲಿಸುವುದು, ಐದು ವರ್ಷ ಸುಮ್ಮನಿರುವುದು. ಮೂರನೆಯ ಬಾರಿಗೆ ಹಿಂದುಳಿದ ವರ್ಗಕ್ಕೆ ಮೀಸಲಾದರೆ ಆತನ ಜಾತಿಪ್ರಮಾಣಪತ್ರ ನಿರ್ಣಾಯಕವಾಗುತ್ತದೆ. ಇಂಥ ಸನ್ನಿವೇಶದಲ್ಲಿ ಐದು ಬಾರಿ ಗೆದ್ದವನೆಂದರೆ ಐದು ಬಾರಿ ಒಂದೇ ಜನರ ವಿಶ್ವಾಸವನ್ನು ಉಳಿಸಿಕೊಂಡವನೆಂದು ಅರ್ಥವಲ್ಲ. ಸರದಿಯ ಚಕ್ರವನ್ನು ಐದು ಬಾರಿ ದಾಟಬಲ್ಲವನಾಗಿದ್ದನೆಂದು ಅರ್ಥ. ಇದು ಕಡಮೆ ಸಾಮರ್ಥ್ಯವಲ್ಲ, ಬೇರೆಯ ಸಾಮರ್ಥ್ಯ. ಪಕ್ಷದ ಕಚೇರಿಯಲ್ಲಿ, ಪಕ್ಕದ ಬೀದಿಗಳಲ್ಲಿ, ಸ್ವಂತ ಕುಟುಂಬದಲ್ಲಿ ಆತನಿಗಿರುವ ಹಿಡಿತವನ್ನು ಅದು ಅಳೆಯುತ್ತದೆ. ಬಡಾವಣೆಗೆ ಯಾರ ಹೆಸರನ್ನಿಟ್ಟಿದ್ದಾರೋ ಆ ದೇವರಾಜ ಅರಸರ ಸರ್ಕಾರವೇ 1972ರಲ್ಲಿ ಎಲ್.ಜಿ. ಹಾವನೂರರ ಆಯೋಗವನ್ನು ನೇಮಿಸಿತ್ತು. 1975ರಲ್ಲಿ ಬಂದ ಅದರ ವರದಿ ಹಿಂದುಳಿದ ವರ್ಗಗಳ ಪ್ರಶ್ನೆಯನ್ನು ಈ ರಾಜ್ಯದ ರಾಜಕಾರಣದ ನಡುಮನೆಗೆ ತಂದಿತು. ಸ್ಥಾನವನ್ನು ಕಳೆದುಕೊಂಡ ಹಳೆಯ ಸದಸ್ಯರು ಸರದಿಯನ್ನು ಶಪಿಸುವುದನ್ನು ಕೇಳಿದಾಗಲೆಲ್ಲ ಇದು ನೆನಪಾಗುತ್ತದೆ. ಒಬ್ಬನ ದೀರ್ಘಸೇವೆಗೆ ಒದಗುವ ಭಂಗ ಇನ್ನೊಬ್ಬರ ಪ್ರವೇಶಕ್ಕೆ ಬಾಗಿಲು. ಎರಡನ್ನೂ ಒಂದೇ ಪುಟದಲ್ಲಿ ಬರೆಯದ ಚರಿತ್ರೆ ಪಕ್ಷಪಾತದ್ದಾಗುತ್ತದೆ.

ಹೋಲಿಕೆಗಾಗಿ ದೂರದ ಒಂದು ನಿದರ್ಶನವನ್ನು ನೋಡಬಹುದು. ಅಮೆರಿಕದ ಷಿಕಾಗೋ ನಗರದಲ್ಲಿ ಎಡ್ವರ್ಡ್ ಬರ್ಕ್ ಎಂಬುವರು 1969ರಿಂದ 2023ರವರೆಗೆ, ಐವತ್ತನಾಲ್ಕು ವರ್ಷ, 14ನೆಯ ವಾರ್ಡನ್ನೇ ಪ್ರತಿನಿಧಿಸಿದರು. ಅವರಿಗೆ ಮುನ್ನ ಆ ಸ್ಥಾನದಲ್ಲಿದ್ದವರು ಅವರ ತಂದೆ. ಅಲ್ಲಿಯೂ ಜನಗಣತಿಯ ತರುವಾಯ ಗಡಿ ಬದಲಾಗುತ್ತಿತ್ತು, ನಿವಾಸಿಗಳೂ ಬದಲಾದರು. ಆದರೆ ಸ್ಥಾನಕ್ಕೆ ಸರದಿಯ ಮೀಸಲಾತಿ ಇರಲಿಲ್ಲವಾಗಿ ವ್ಯಕ್ತಿ ಅಲುಗಲಿಲ್ಲ. ಕೊನೆಗೆ ಅಧಿಕಾರವನ್ನು ಸ್ವಂತ ವೃತ್ತಿಲಾಭಕ್ಕೆ ಬಳಸಿಕೊಂಡ ಆಪಾದನೆಗಳಲ್ಲಿ ಅವರು ಅಪರಾಧಿಯೆಂದು 2023ರ ಡಿಸೆಂಬರಿನಲ್ಲಿ ತೀರ್ಮಾನವಾಗಿ, 2024ರಲ್ಲಿ ಎರಡು ವರ್ಷಗಳ ಸೆರೆವಾಸ ವಿಧಿಸಲ್ಪಟ್ಟಿತು. ದೀರ್ಘಸೇವೆಯೆಲ್ಲ ಅಲ್ಲಿಗೇ ಮುಟ್ಟುತ್ತದೆಂದು ನಾವು ಹೇಳುವುದಿಲ್ಲ. ಆದರೆ ಒಂದೇ ವಾರ್ಡಿನಲ್ಲಿ ಅರ್ಧ ಶತಮಾನ ಎಂಬುದು ತನ್ನಷ್ಟಕ್ಕೆ ತಾನೇ ಪ್ರಶಂಸೆಯ ಮಾತಾಗಬೇಕಾಗಿಲ್ಲವೆಂಬುದಕ್ಕೆ ಇದು ಸಾಕು.

ಹೆಂಡತಿಯನ್ನು ನಿಲ್ಲಿಸುವ ಪದ್ಧತಿಯನ್ನು ಕುರಿತು ಇನ್ನೊಂದು ಮಾತು. ನಮ್ಮ ಬರೆಹಗಾರರು ಇದನ್ನು ಅಪಹಾಸ್ಯದಿಂದ ದಾಟಿಬಿಡುತ್ತಾರೆ. ಸದಸ್ಯೆಯ ಹೆಸರಿನಲ್ಲಿ ಗಂಡನ ಆಡಳಿತವೆಂದು ಒಂದು ಸಾಲು ಬರೆದು, ಆ ಐದು ವರ್ಷಗಳನ್ನು ಗಂಡನ ಲೆಕ್ಕಕ್ಕೆ ಸೇರಿಸುತ್ತಾರೆ. ಅನೇಕ ಕಡೆ ಅದು ನಿಜವಿರಬಹುದು. ಎಲ್ಲೆಡೆಯೂ ನಿಜವೆಂದು ಪರೀಕ್ಷಿಸದೆ ಹೇಳಲಾಗದು. ಮುಂಬಯಿ ಮಹಾನಗರಪಾಲಿಕೆಯನ್ನು ಕುರಿತು ರಿಖಿಲ್ ಭಾವ್ನಾನಿಯವರು 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. 1997ರಲ್ಲಿ ಮಹಿಳೆಗೆ ಮೀಸಲಾಗಿದ್ದು 2002ರಲ್ಲಿ ಮುಕ್ತವಾದ ವಾರ್ಡುಗಳಲ್ಲಿ ಮಹಿಳೆ ಗೆಲ್ಲುವ ಸಂಭವ, ಹಿಂದೆ ಮೀಸಲಾಗಿರದ ವಾರ್ಡುಗಳಲ್ಲಿದ್ದುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚಾಗಿತ್ತೆಂದು ಅವರು ಕಂಡುಕೊಂಡರು. ಮೀಸಲಾತಿ ಹೋದ ಮೇಲೂ ಕೆಲವರು ನಿಂತರು, ಗೆದ್ದರು. ದಾವಣಗೆರೆಯಲ್ಲಿ ಇಂಥ ಲೆಕ್ಕ ಹಾಕಬೇಕಾದರೆ 2007, 2013, 2019ರ ಮೂರು ಮೀಸಲಾತಿ ಪಟ್ಟಿಗಳನ್ನೂ ಫಲಿತಾಂಶಗಳನ್ನೂ ವಾರ್ಡುವಾರು ಎದುರುಬದುರಿಟ್ಟು ನೋಡಬೇಕು. ಇದು ಒಬ್ಬ ಶ್ರದ್ಧಾವಂತ ಎಂ.ಎ. ವಿದ್ಯಾರ್ಥಿ ಒಂದು ಬೇಸಗೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ.

ಇಷ್ಟು ಶ್ರಮಪಟ್ಟು ಗೆದ್ದ ಸ್ಥಾನದಲ್ಲಿ ಅಧಿಕಾರವೆಷ್ಟು ಎಂಬುದನ್ನೂ ಕೇಳಬೇಕಾಗುತ್ತದೆ. ಚರಿತ್ರಕಾರರು ಕೆರೆ, ನೀರು, ರಸ್ತೆಗಳನ್ನೆಲ್ಲ ಸದಸ್ಯನ ಸಾಧನೆಯೆಂದು ಪಟ್ಟಿಮಾಡುತ್ತಾರೆ. ನಗರಕ್ಕೆ ಕುಡಿಯುವ ನೀರು ಬರುವುದು ಹರಿಹರದ ಕಡೆಯ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದುದು, ಮತ್ತು ಭದ್ರಾ ನಾಲೆಯಿಂದ ತುಂಬಿಸಿದ ಕುಂದವಾಡ ಮುಂತಾದ ಕೆರೆಗಳದು. ನಾಲೆಗೆ ನೀರು ಬಿಡುವ ನಿರ್ಧಾರ ಪಾಲಿಕೆಯ ಕೈಯಲ್ಲಿಲ್ಲ. ಹೊಸ ಬಡಾವಣೆಗಳನ್ನು ರಚಿಸುವುದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಅವು ಪಾಲಿಕೆಗೆ ಹಸ್ತಾಂತರವಾಗುವವರೆಗೆ ಅಲ್ಲಿಯ ಸದಸ್ಯ ಅರ್ಜಿದಾರನಷ್ಟೆ. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳಲ್ಲಿ ದಾವಣಗೆರೆಯೂ ಒಂದು. ಆ ಹಣ ವೆಚ್ಚವಾದುದು ಅದಕ್ಕಾಗಿಯೇ ಸ್ಥಾಪಿತವಾದ ಕಂಪನಿಯ ಮೂಲಕ. ಹೀಗಿರುವಲ್ಲಿ ಸದಸ್ಯನ ನಿಜವಾದ ಕೆಲಸ ಬಹುಮಟ್ಟಿಗೆ ಮಧ್ಯಸ್ಥಿಕೆ: ಖಾತೆಯ ಬದಲಾವಣೆ, ಒಡೆದ ಕೊಳವೆ, ಕಸದ ಗಾಡಿ, ವೃದ್ಧಾಪ್ಯ ವೇತನದ ಅರ್ಜಿ. ಮತದಾರರು ಆತನನ್ನು ನೆನೆಯುವುದೂ ಈ ಕಾರಣಗಳಿಗಾಗಿಯೇ. ಇವಕ್ಕೆ ಶಿಲಾಫಲಕಗಳಿಲ್ಲದ ಕಾರಣ ಅಭಿನಂದನ ಗ್ರಂಥಗಳಲ್ಲಿ ಇವು ಕಾಣಿಸಿಕೊಳ್ಳುವುದಿಲ್ಲ.

ಮೇಯರ್ ಪದವಿಯಾದರೂ ದೀರ್ಘಸೇವೆಯ ಫಲವೆಂದು ಭಾವಿಸಬಹುದೇ? ಅದಕ್ಕೂ ಮೀಸಲಾತಿಯ ಸರದಿಯುಂಟು. ಅವಧಿ ಒಂದು ವರ್ಷದ್ದು. ಅಷ್ಟೇ ಅಲ್ಲದೆ, ನಗರವನ್ನು ಪ್ರತಿನಿಧಿಸುವ ಶಾಸಕರಿಗೂ ಸಂಸದರಿಗೂ, ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ತಿನ ಸದಸ್ಯರಿಗೂ ಆ ಚುನಾವಣೆಯಲ್ಲಿ ಮತವಿದೆ. 2019ರ ನವೆಂಬರ್ 12ರಂದು ನಡೆದ ಚುನಾವಣೆಯಲ್ಲಿ 45 ಸ್ಥಾನಗಳ ಪೈಕಿ ಕಾಂಗ್ರೆಸ್ 22, ಭಾರತೀಯ ಜನತಾ ಪಕ್ಷ 17, ಜನತಾದಳ (ಜಾತ್ಯತೀತ) 1, ಪಕ್ಷೇತರರು 5 ಗೆದ್ದರು. ಬಹುಮತಕ್ಕೆ ಒಂದೇ ಸ್ಥಾನ ಕಡಮೆಯಿದ್ದ ಪಕ್ಷಕ್ಕೆ ಮೇಯರ್ ಸ್ಥಾನ ದೊರೆಯಲಿಲ್ಲ. 2020ರ ಫೆಬ್ರವರಿಯಲ್ಲಿ ಭಾರತೀಯ ಜನತಾ ಪಕ್ಷದ ಬಿ.ಜಿ. ಅಜಯಕುಮಾರರು ಮೇಯರ್ ಆದರು. ಪರಿಷತ್ತಿನ ಸದಸ್ಯರು ಇಲ್ಲಿಯ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡದ್ದು ಆಗ ದೊಡ್ಡ ವಿವಾದವಾಯಿತು. ಯಾವ ವಾರ್ಡಿನ ಜನರೂ ಆರಿಸದ ಕೈಗಳು ಸಭೆಯ ತೀರ್ಮಾನದಲ್ಲಿ ಭಾಗಿಯಾಗುವುದಾದರೆ, ವಾರ್ಡಿನಿಂದ ಮೇಯರ್ ಪೀಠದವರೆಗೆ ಒಂದೇ ನೇರ ಗೆರೆ ಎಳೆಯುವ ಜೀವನಚರಿತ್ರೆಯನ್ನು ಹೇಗೆ ನಂಬುವುದು?

ಮೂರು ವರ್ಷಗಳ ಅನಂತರ, 2023ರಲ್ಲಿ, ಇದೇ ಅಜಯಕುಮಾರರು ದಾವಣಗೆರೆ ದಕ್ಷಿಣದಲ್ಲಿ ಶಿವಶಂಕರಪ್ಪನವರೆದುರು ನಿಂತರು. ಅರ್ಧ ಶತಮಾನದ ಹಿಂದಿನ ನಗರಸಭಾಧ್ಯಕ್ಷರೂ ಇತ್ತೀಚಿನ ಮೇಯರೂ ಮುಖಾಮುಖಿಯಾದ ಚುನಾವಣೆಯದು. ಹಿರಿಯರು ಸುಮಾರು 28 ಸಾವಿರ ಮತಗಳ ಅಂತರದಿಂದ ಗೆದ್ದರು. ಇದನ್ನು ವಯಸ್ಸಿನ ವಿಸ್ಮಯವಾಗಿ ಬಣ್ಣಿಸಿದವರು ಬಹಳ ಮಂದಿ. ಮೇಯರ್ ಪದವಿಯ ಒಂದು ವರ್ಷ ವಿಧಾನಸಭೆಯ ಪೈಪೋಟಿಯಲ್ಲಿ ಎಷ್ಟು ತೂಗಿತು, ವಾರ್ಡಿನ ಸಂಪರ್ಕ ಕ್ಷೇತ್ರದ ವಿಸ್ತಾರದಲ್ಲಿ ಎಲ್ಲಿ ಸೋತಿತು ಎಂದು ಮತಗಟ್ಟೆಗಳ ಅಂಕಿಗಳನ್ನು ಹಿಡಿದು ವಿಚಾರಿಸುವುದು ಹೆಚ್ಚು ಫಲದಾಯಕ.

ಚುನಾವಣೆಯೇ ನಡೆಯದ ವರ್ಷಗಳನ್ನು ಚರಿತ್ರಕಾರರು ಪೂರ್ತಿಯಾಗಿ ಮರೆತಿದ್ದಾರೆ. 74ನೆಯ ತಿದ್ದುಪಡಿಗೆ ಮುನ್ನ ಸರ್ಕಾರಗಳು ಪೌರಸಂಸ್ಥೆಗಳನ್ನು ವಿಸರ್ಜಿಸಿ ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸುವುದು ಸಾಮಾನ್ಯವಾಗಿತ್ತು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ನಡೆಯಬೇಕೆಂದು ಸಂವಿಧಾನ ವಿಧಿಸಿದ ಮೇಲೂ ಬೆಂಗಳೂರಿನ ಪಾಲಿಕೆ 2020ರ ಸೆಪ್ಟೆಂಬರಿನಿಂದ, 2025ರಲ್ಲಿ ಅದನ್ನು ಐದಾಗಿ ಒಡೆಯುವವರೆಗೆ, ಚುನಾಯಿತ ಸದಸ್ಯರಿಲ್ಲದೆ ನಡೆಯಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಮೊದಲು ಸಮೀಕ್ಷೆ ನಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ನಿರ್ದೇಶಿಸಿದುದು, ಅದಕ್ಕಾಗಿ 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ನೇಮಕವಾದುದು, ವಾರ್ಡು ವಿಂಗಡಣೆಯ ವ್ಯಾಜ್ಯಗಳು ಇವೆಲ್ಲವೂ ವಿಳಂಬಕ್ಕೆ ಕಾರಣಗಳಾದವು. ಸದಸ್ಯನ ಚರಿತ್ರೆಯಲ್ಲಿ ಇಂಥ ಖಾಲಿ ವರ್ಷಗಳು ಸೋಲೂ ಅಲ್ಲ, ಗೆಲುವೂ ಅಲ್ಲ. ಆದರೆ ಪದವಿಯಿಲ್ಲದಾಗಲೂ ಆತನ ಮನೆಯ ಮುಂದೆ ಬೆಳಗ್ಗೆ ಅರ್ಜಿ ಹಿಡಿದ ಜನ ನಿಲ್ಲುತ್ತಿದ್ದರೋ ಇಲ್ಲವೋ ಎಂಬುದು ಆತನ ಸ್ಥಾನವನ್ನು ಯಾವ ಮತಎಣಿಕೆಗಿಂತಲೂ ಚೆನ್ನಾಗಿ ತಿಳಿಸೀತು.

ಈ ವಿಷಯದಲ್ಲಿ ಕೆಲಸಮಾಡುವವರು ಸಂದರ್ಶನಗಳಿಂದ ಆರಂಭಿಸಬಾರದೆಂಬುದು ನಮ್ಮ ಸಲಹೆ. ವಾರ್ಡು ವಿಂಗಡಣೆಯ ಅಧಿಸೂಚನೆಗಳಲ್ಲಿ ಪ್ರತಿ ವಾರ್ಡಿನ ಚೆಕ್ಕುಬಂದಿ ಬೀದಿಬೀದಿಯಾಗಿ ಅಚ್ಚಾಗಿರುತ್ತದೆ. ಮೊದಲು ಒಂದು ದೊಡ್ಡ ನಕ್ಷೆಯ ಮೇಲೆ ಪ್ರತಿ ಚುನಾವಣೆಯ ಗೆರೆಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಎಳೆಯಬೇಕು. ಅದರ ಮೇಲೆ ಮೀಸಲಾತಿಯ ಪಟ್ಟಿಯನ್ನು ಗುರುತಿಸಬೇಕು. ಆಮೇಲೆ ಸದಸ್ಯನ ಹೆಸರನ್ನು ಎಲ್ಲೆಲ್ಲಿ ಬರುವುದೋ ಅಲ್ಲಲ್ಲಿ ಬರೆಯಬೇಕು. ಸಭಾನಡವಳಿಗಳನ್ನು ಅನಂತರ ತೆರೆಯಬಹುದು. ಇಷ್ಟಾದ ಬಳಿಕ ಸದಸ್ಯನ ಮನೆಗೆ ಹೋದರೆ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಸಿದ್ಧವಾಗಿರುತ್ತವೆ. ಕರಪತ್ರ ತಂದ ವಿದ್ಯಾರ್ಥಿಗೆ ನಾವು ಹೇಳಿದ್ದು ಇಷ್ಟೆ. ಅವರು ಈಗ ಗೆರೆ ಎಳೆಯುವ ಹಂತದಲ್ಲಿದ್ದಾರೆ. ಮೊದಲ ಎರಡು ಚುನಾವಣೆಗಳ ಬಣ್ಣಗಳು ಒಂದರ ಮೇಲೊಂದು ಕೂಡುತ್ತಿಲ್ಲವೆಂದು ಕಳೆದ ವಾರ ಬಂದು ದೂರಿದರು.